ಆಯಿಲ್ ಕ್ಯಾಚ್ ಕ್ಯಾನ್: ಹಾಕಿಸುವ ಮುಂಚೆ ಡಿಪ್‌ಸ್ಟಿಕ್ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನನ್ನದು 1.0 ಲೀಟರ್ ಟಿಎಸ್‌ಐ ಟರ್ಬೊ ಪೆಟ್ರೋಲ್ ಕಾರು. ಮೂರು ವರ್ಷ ಹಳೆಯದು, 38 ಸಾವಿರ ಕಿ.ಮೀ. ಓಡಿದೆ, ವಾರಂಟಿ ಇನ್ನೂ ಇದೆ. ದಿನವೂ ಚಿಂಚವಾಡದಿಂದ ಹಿಂಜವಡಿಗೆ ಆಫೀಸು, ತಿಂಗಳಿಗೊಮ್ಮೆ ಊರಿಗೆ, ಹುಬ್ಬಳ್ಳಿಗೆ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ನಲ್ಲಿ ವಾಲ್ವ್ ಮೇಲೆ ಕಾರ್ಬನ್ ಕಟ್ಟುತ್ತದೆ, ಕ್ಯಾಚ್ ಕ್ಯಾನ್ ಹಾಕಿಸಲೇಬೇಕು ಎಂದು ಸಹೋದ್ಯೋಗಿಯೊಬ್ಬರು ಬೆನ್ನು ಹತ್ತಿದ್ದಾರೆ. ಆನ್‌ಲೈನ್‌ನಲ್ಲಿ ಎರಡು ಸಾವಿರದ ಆಸುಪಾಸಿಗೆ, ಮೇಲೆ ಪುಟ್ಟ ಫಿಲ್ಟರ್ ಇರುವ ಡಬ್ಬಿ ಕಾಣಿಸಿತು. ಅದನ್ನು ತರಿಸಲೇ? ಎಲ್ಲಿ ಕೂಡಿಸಬೇಕು?
– ಓದುಗರು, ಚಿಂಚವಾಡ, ಪುಣೆ

ಉತ್ತರ: ಮೇಲೆ ಫಿಲ್ಟರ್ ಕೂತಿರುವ ಆ ಡಬ್ಬಿ ಬೇಡ. ಕ್ಯಾಚ್ ಕ್ಯಾನ್, ಅಂದರೆ ಇಂಜಿನ್ ಒಳಗಿಂದ ಬರುವ ಗಾಳಿಯಲ್ಲಿನ ಎಣ್ಣೆಯನ್ನು ಹಿಡಿದಿಡುವ ಡಬ್ಬಿ, ಬೇಕೇ ಎಂಬುದು ಆಮೇಲಿನ ಮಾತು, ಫಿಲ್ಟರ್ ಇರುವುದಂತೂ ಬೇಡ. ಯಾಕೆಂದು ಹೇಳಲು ಸ್ವಲ್ಪ ಇಂಜಿನ್ ಒಳಗೆ ಹೋಗಬೇಕು.

ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಉರಿದ ಗಾಳಿಯಲ್ಲಿ ಒಂದಷ್ಟು ಅವುಗಳ ಸಂದಿಯಿಂದ ಇಳಿದು ಕ್ರ್ಯಾಂಕ್‌ಕೇಸ್, ಅಂದರೆ ಪಿಸ್ಟನ್‌ಗಳ ಕೆಳಗಿನ ಗೂಡು, ಸೇರುತ್ತದೆ. ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಅನ್ನುವುದು ಇದಕ್ಕೇ. ಅದರಲ್ಲಿ ಅರೆಬರೆ ಉರಿದ ಪೆಟ್ರೋಲ್, ನೀರಿನ ಆವಿ, ಇಂಜಿನ್ ಆಯಿಲ್‌ನ ಸೂಕ್ಷ್ಮ ಹನಿಗಳು ಎಲ್ಲವೂ ಇರುತ್ತವೆ. ಹಿಂದೆ ಇದನ್ನು ಒಂದು ಕೊಳವೆಯಿಂದ ನೇರ ರಸ್ತೆಗೆ ಬಿಡುತ್ತಿದ್ದರು. ಹೊಗೆಮಂಜಿನಿಂದ ಕಂಗೆಟ್ಟಿದ್ದ ಕ್ಯಾಲಿಫೋರ್ನಿಯಾ 1960ರ ದಶಕದ ಆರಂಭದಲ್ಲಿ ಅದಕ್ಕೆ ತಡೆ ಹಾಕಿದ ಮೇಲೆ, ಆ ಗಾಳಿಯನ್ನು ಇಂಟೇಕ್‌ಗೆ (ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ) ಎಳೆದು ಮತ್ತೆ ಉರಿಸುವ ಪಿಸಿವಿ ವ್ಯವಸ್ಥೆ ಎಲ್ಲ ಕಾರುಗಳಿಗೂ ಬಂತು. ಗಾಳಿಯ ಜೊತೆ ಜಿಡ್ಡೂ ಇಂಟೇಕ್‌ಗೆ ಹೋಗುತ್ತದೆ ಎಂಬುದೇ ಇದರ ತೊಡಕು.

ಪೋರ್ಟ್ ಇಂಜೆಕ್ಷನ್ ಇರುವ ಇಂಜಿನ್‌ಗಳಲ್ಲಿ ಪೆಟ್ರೋಲ್ ಇಂಟೇಕ್ ವಾಲ್ವಿನ ಬೆನ್ನ ಮೇಲೆಯೇ ಸಿಂಪಡಣೆಯಾಗುವುದರಿಂದ ಆ ಜಿಡ್ಡು ತೊಳೆದು ಹೋಗುತ್ತದೆ. ನಿಮ್ಮ ಕಾರಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುತ್ತದೆ. ಬಿಸಿ ವಾಲ್ವಿನ ಮೇಲೆ ಕೂತ ಜಿಡ್ಡು ಅಲ್ಲೇ ಸುಟ್ಟು ಕರಿಕಟ್ಟುತ್ತದೆ. ಇಲ್ಲಿಯವರೆಗೆ ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಆದರೆ ವಾಲ್ವಿಗೆ ಎಣ್ಣೆ ತಲುಪುವುದು ಪಿಸಿವಿ ದಾರಿಯೊಂದರಿಂದಲೇ ಅಲ್ಲ. ವಾಲ್ವ್ ಸೀಲಿನಿಂದಲೂ ತುಸು ಇಳಿಯುತ್ತದೆ, ಸಿಲಿಂಡರಿನಿಂದ ಸ್ವಲ್ಪ ಹೊಗೆಯೂ ಹಿಮ್ಮೆಟ್ಟುತ್ತದೆ. ಹಾಗಾಗಿ ಒಳ್ಳೆಯ ಕ್ಯಾಚ್ ಕ್ಯಾನ್ ಕಾರ್ಬನ್ ಕಟ್ಟುವ ವೇಗವನ್ನು ತಗ್ಗಿಸೀತು, ಅಷ್ಟೇ. ಈಗಾಗಲೇ ಕಟ್ಟಿರುವುದನ್ನು ತೆಗೆಯಲು ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಬಿಚ್ಚಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಶುಚಿ ಮಾಡಿಸಬೇಕಾಗುತ್ತದೆ.

ಇನ್ನು ಆ ಫಿಲ್ಟರ್ ಡಬ್ಬಿ. ಅದು ರೇಸಿಂಗ್ ಟ್ರ್ಯಾಕಿನ ಸಾಮಾನು. ಟ್ರ್ಯಾಕ್ ಮೇಲೆ ಎಣ್ಣೆ ಚೆಲ್ಲಬಾರದೆಂದು ಹಾಕುವುದು; ಗಾಳಿಯನ್ನು ಹೊರಗೇ ಬಿಡುತ್ತದೆ. ರಸ್ತೆಯ ಕಾರಿನಲ್ಲಿ ಅದನ್ನು ಮ್ಯಾನಿಫೋಲ್ಡ್ ಪೈಪಿಗೆ ಜೋಡಿಸಿದರೆ ಲೆಕ್ಕಕ್ಕೆ ಸಿಗದ ಗಾಳಿ ಇಂಜಿನ್ ಒಳಗೆ ನುಗ್ಗಿ ಐಡಲ್ ಏರುಪೇರಾಗುತ್ತದೆ, ಚೆಕ್ ಇಂಜಿನ್ ದೀಪ ಹತ್ತುತ್ತದೆ. ಮ್ಯಾನಿಫೋಲ್ಡ್ ಕಡೆ ಬಂದ್ ಮಾಡಿ ಬರೀ ಹೊರಗೆ ಬಿಟ್ಟರೆ, ಹಿಂಜವಡಿಯ ಸಂಜೆ ಟ್ರಾಫಿಕ್ಕಿನಲ್ಲಿ ಎಸಿಯೊಳಗೆ ಸುಟ್ಟ ಎಣ್ಣೆಯ ವಾಸನೆ ನಿಮಗೇ ಬರುತ್ತದೆ. ಕ್ರ್ಯಾಂಕ್‌ಕೇಸ್ ಗಾಳಿಯನ್ನು ಹೊರಗೆ ಬಿಡುವುದು ಬಿಎಸ್6 ನಿಯಮಕ್ಕೂ ವಿರುದ್ಧ. ಪಿಯುಸಿ ತಪಾಸಣೆ ಸೈಲೆನ್ಸರಿನ ತುದಿಯಲ್ಲಿ ಮಾತ್ರ ಅಳೆಯುವುದರಿಂದ ಅಲ್ಲಿ ಸಿಕ್ಕಿಬೀಳಲಿಕ್ಕಿಲ್ಲ, ಹಾಗೆಂದು ಅದು ಸರಿಯಾಗುವುದಿಲ್ಲ.

ಡಬ್ಬಿಗೆ ಮೊದಲು ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ಎಳೆದು ನೋಡಿ. ಸರ್ವಿಸ್ ಆದ ಮರುದಿನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೋಡಿದರೆ, ಗುರುತಿಗಿಂತ ಮೇಲೆ ಎಣ್ಣೆ ತುಂಬಿದ ಕಾರುಗಳು ಎಷ್ಟು ಸಿಗುತ್ತವೆಂದು ಆಶ್ಚರ್ಯಪಡುತ್ತೀರಿ. ಮಟ್ಟ ಜಾಸ್ತಿಯಾದಷ್ಟೂ ಕ್ರ್ಯಾಂಕ್‌ನಿಂದ ಎರಚುವ ಎಣ್ಣೆ, ಏಳುವ ಮಂಜು ಜಾಸ್ತಿ. ಎರಡನೆಯದು ಎಣ್ಣೆಯ ಜಾತಿ. ನೋಆಕ್ ಎಂಬ ಪರೀಕ್ಷೆಯಲ್ಲಿ ಎಣ್ಣೆಯನ್ನು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಎಷ್ಟು ಪಾಲು ಆವಿಯಾಯಿತೆಂದು ನೋಡುತ್ತಾರೆ. ಯುರೋಪಿನ ಕಾರು ತಯಾರಕರ ಸಂಘ ಎಸಿಇಎ ಗೊತ್ತುಮಾಡಿದ ಸಿ3 ದರ್ಜೆಯ ಎಣ್ಣೆಗೆ ಮಿತಿ ಶೇ 13. ಕಂಪೆನಿ ಹೇಳಿದ ಅಪ್ರೂವಲ್ ನಂಬರ್ ಇರುವ ಎಣ್ಣೆ ಹಾಕಿಸಿದರೆ ಈ ಚಿಂತೆ ನಿಮಗಿಲ್ಲ. ಡ್ರಮ್ಮಿನಿಂದ ಅಳೆದು ಸುರಿದದ್ದಾದರೆ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ವಾರಂಟಿ ಮುಗಿಯುವ ತನಕ ಕೈ ಹಾಕಬೇಡಿ. ನಾಳೆ ಟರ್ಬೊ ಕಡೆ ಏನಾದರೂ ಕೆಟ್ಟರೆ, ಪೈಪು ಕತ್ತರಿಸಿ ಹಾಕಿದ ಡಬ್ಬಿಯ ಮೇಲೆಯೇ ಮೊದಲು ಬೆರಳು ಹೋಗುತ್ತದೆ. ತಿಂಗಳಿಗೊಮ್ಮೆಯ ಹುಬ್ಬಳ್ಳಿ ಪ್ರಯಾಣವೂ ನಿಮ್ಮ ಪರವಾಗಿದೆ. ಖಂಬಾಟ್ಕಿ ಘಾಟ್ ಹತ್ತಿ, ಕೊಲ್ಹಾಪುರ, ನಿಪ್ಪಾಣಿ ದಾಟಿ ಅಷ್ಟು ದೂರ ಓಡುವಾಗ ಎಣ್ಣೆ ಚೆನ್ನಾಗಿ ಕಾದು ಅದರೊಳಗಿನ ನೀರು, ಪೆಟ್ರೋಲ್ ಹಾರಿಹೋಗುತ್ತವೆ. ವಾಲ್ವಿನ ಮೇಲಿನ ಕರಿ ಇದರಿಂದ ಹೋಗದು, ಆದರೆ ಎಣ್ಣೆ ಗಸಿಯಾಗುವುದು ತಪ್ಪುತ್ತದೆ.

ಆಮೇಲೆ ಹಾಕಿಸುವುದೇ ಆದರೆ ಎರಡು ಬಾಯಿಯ, ಪೂರ್ತಿ ಮುಚ್ಚಿದ ಕ್ಯಾನ್ ಕೊಳ್ಳಿ: ಒಂದು ಬಾಯಿಯಿಂದ ಗಾಳಿ ಬಂದು ಇನ್ನೊಂದರಿಂದ ಇಂಟೇಕ್‌ಗೇ ಹಿಂತಿರುಗುವಂಥದ್ದು. ಅಂಗಡಿಯಲ್ಲೇ ಬಿಚ್ಚಿಸಿ ಟಾರ್ಚ್ ಬಿಟ್ಟು ಒಳಗೆ ನೋಡಿ. ಪುಣೆಯ ನಾನಾ ಪೇಠೆ, ಮುಂಬೈ ಕುರ್ಲಾದ ಸಿಎಸ್‌ಟಿ ರಸ್ತೆಯಂಥ ಕಡೆ ಕೈಯಲ್ಲಿ ಹಿಡಿದು ಕೊಳ್ಳುವುದರ ಲಾಭ ಇದೇ. ಒಳಗೆ ಅಡ್ಡ ತಗಡುಗಳು, ಸ್ಟೀಲ್ ಜಾಲರಿ ಇರಬೇಕು. ಕುದಿಯುವ ಸಾರಿನ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟುವ ಹಾಗೆ, ಎಣ್ಣೆಯ ಮಂಜಿಗೂ ಬಡಿದು ಹನಿಯಾಗಲು ಒಂದು ಮೈ ಬೇಕು. ಬರೀ ಪೊಳ್ಳು ಡಬ್ಬಿಯಾದರೆ ಬಂದ ಮಂಜಿನಲ್ಲಿ ಬಹುಪಾಲು ಹಾಗೇ ದಾಟಿ ಹೋಗುತ್ತದೆ. ಕೆಲವರು ಪೊಳ್ಳು ಡಬ್ಬಿಗೆ ಪಾತ್ರೆ ತಿಕ್ಕುವ ಸ್ಕ್ರಬ್ಬರ್ ತುರುಕುತ್ತಾರೆ. ಅಗ್ಗದ ತಂತಿ ತೇವಕ್ಕೆ ತುಕ್ಕು ಹಿಡಿದು, ಉದುರಿದ ಚೂರು ಇಂಜಿನ್ನಿಗೆ ಹೋದರೆ ಆ ಖರ್ಚಿನ ಮುಂದೆ ಕಾರ್ಬನ್ ಏನೂ ಅಲ್ಲ.

ಬಾಯಿಯ ಅಳತೆ ಕಾರಿನ ಮೂಲ ಪೈಪಿಗಿಂತ ಚಿಕ್ಕದಿರಲೇಬಾರದು. 15 ಮಿ.ಮೀ. ಪೈಪಿನ ಗಾಳಿಯನ್ನು 9 ಮಿ.ಮೀ. ನಳಿಗೆಯಲ್ಲಿ ತೂರಿಸಿದರೆ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಏರಿ ಆಯಿಲ್ ಸೀಲುಗಳು ಸೋರತೊಡಗುತ್ತವೆ. ಪೈಪಿಗೆ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಹೋಸ್ ಸಾಕು. ನೀಲಿ, ಕೆಂಪು ಬಣ್ಣದ ಸಾದಾ ಸಿಲಿಕೋನ್ ಹೋಸ್ ನೋಡಲು ಚಂದ. ಎಣ್ಣೆ ಅದರ ಮೈಯಿಂದಲೇ ಜಿನುಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಪೈಪು ಬಿಸಿಗೆ ಮೆತ್ತಗಾಗಿ ಎಳೆತಕ್ಕೆ ಚಪ್ಪಟೆಯಾಗುತ್ತದೆ.

ನಿಮ್ಮಂಥ ಟರ್ಬೊ ಇಂಜಿನ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಐಡಲ್‌ನಲ್ಲಿ ಆ ಗಾಳಿ ಇಂಟೇಕ್ ಮ್ಯಾನಿಫೋಲ್ಡ್ ಕಡೆ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಬಂದಾಗ ಟರ್ಬೊ ಬಾಯಿಯ ಕಡೆ ತಿರುಗುತ್ತದೆ. ಒಂದೇ ದಾರಿಗೆ ಕ್ಯಾನ್ ಹಾಕಿದರೆ ಅರ್ಧ ಕೆಲಸ. ದಾರಿ ಕವಲೊಡೆಯುವ ಮುಂಚೆಯೇ ಹಾಕಬೇಕು, ಇಲ್ಲವೇ ಎರಡಕ್ಕೂ ವ್ಯವಸ್ಥೆ ಬೇಕು, ಬೂಸ್ಟ್ ಗಾಳಿ ಹಿಂದಕ್ಕೆ ನುಗ್ಗದಂತೆ ಚೆಕ್ ವಾಲ್ವ್ ಇರಬೇಕು. ಇಂಥ ಇಂಜಿನ್‌ಗಳಿಗೆ ಕಂಪೆನಿಯೇ ಒಂದು ಆಯಿಲ್ ಸೆಪರೇಟರ್ ಕೊಟ್ಟಿರುತ್ತದೆ. ಅದನ್ನು ಕಿತ್ತುಹಾಕುವ ಮೆಕ್ಯಾನಿಕ್ ಬಳಿ ಹೋಗಬೇಡಿ. ಕ್ಯಾನ್ ಇರಬೇಕಾದದ್ದು ಅದರ ನಂತರ. ಸಾಧ್ಯವಿದ್ದಷ್ಟು ನಿಮ್ಮ ಇಂಜಿನ್ನಿಗೇ ಮಾಡಿದ ಕಿಟ್ ಹುಡುಕಿ.

ಕೂಡಿಸುವುದು ಇಂಜಿನ್ ತಣ್ಣಗಿರುವಾಗ. ಪ್ಲಾಸ್ಟಿಕ್ ಕ್ಲಿಪ್ಪುಗಳು ಬಿಸಿ ತಿಂದು ಪೆಡಸಾಗಿರುತ್ತವೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮುರಿಯುತ್ತವೆ. ಕ್ಯಾನ್‌ನ ಬ್ರಾಕೆಟ್ಟನ್ನು ಇಂಜಿನ್ನಿಗೆ ಬಿಗಿಯದೆ ಬಾಡಿಗೆ ಬಿಗಿಯಿರಿ. ಟರ್ಬೊ ಮತ್ತು ಎಕ್ಸಾಸ್ಟ್‌ನಿಂದ ದೂರ, ಗಾಳಿ ಆಡುವ, ಬಿಚ್ಚಲು ಕೈ ಹೋಗುವ ಜಾಗದಲ್ಲಿ. ಕ್ಯಾನ್ ತಣ್ಣಗಿದ್ದಷ್ಟೂ ಹೆಚ್ಚು ಹಿಡಿಯುತ್ತದೆ. ಇಂಜಿನ್ ಅಲುಗಾಡುವುದರಿಂದ ಹೋಸ್ ತುಸು ಸಡಿಲವಿರಲಿ, ಆದರೆ ನಡುವೆ ಜೋತುಬಿದ್ದು ಎಣ್ಣೆ ನಿಲ್ಲುವಂತಿರಬಾರದು. ಕೆಲಸ ಮುಗಿದ ಮೇಲೆ ಸ್ಕ್ಯಾನರ್ ಹಾಕಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ, ನೋಡಿಸಿ. ಹಾಕುವ ಮುಂಚಿನ ಅಂಕಿಗೂ ಈಗಿನದಕ್ಕೂ ಗಮನಾರ್ಹ ವ್ಯತ್ಯಾಸ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ಮೊದಲ ಸಲ ಸಾವಿರ ಕಿ.ಮೀ.ಗೆ ಬಿಚ್ಚಿ ನೋಡಿ, ಬಂದದ್ದರ ಲೆಕ್ಕದಲ್ಲಿ ಮುಂದಿನ ಅಂತರ ನಿರ್ಧರಿಸಿ. ಮಳೆಗಾಲದಲ್ಲಿ ಬೇಗ ತುಂಬುತ್ತದೆ, ಮಾಸಲು ಬಿಳಿಯ ನೀರು ಬೆರೆತ ದ್ರವ ಬರುತ್ತದೆ. ಕೂಲಂಟ್ ಮಟ್ಟ ಇಳಿಯದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿ ಬೇಡ. ತುಂಬಿ ತುಳುಕಲು ಮಾತ್ರ ಬಿಡಬೇಡಿ. ಒಮ್ಮೆಗೇ ಅಷ್ಟು ದ್ರವವನ್ನು ಇಂಜಿನ್ ನುಂಗಿದರೆ ಕನೆಕ್ಟಿಂಗ್ ರಾಡ್ ಬಗ್ಗುವಷ್ಟು ಅನಾಹುತವಾಗಬಹುದು. ಇದನ್ನು ನೆನಪಿಟ್ಟು ಮಾಡುವ ಜಾಯಮಾನ ನಿಮ್ಮದಲ್ಲದಿದ್ದರೆ ಕ್ಯಾನ್ ಹಾಕಿಸದಿರುವುದೇ ಮೇಲು.

ಪ್ರಶ್ನೆ: ನನ್ನದು ಹಳೆಯ ಸ್ವಿಫ್ಟ್ ಪೆಟ್ರೋಲ್, 1.4 ಲಕ್ಷ ಕಿ.ಮೀ. ಆಗಿದೆ. ಹೆಚ್ಚಾಗಿ ಮನೆಯಿಂದ ಸ್ಟೇಷನ್‌ಗೆ, ಮಾರ್ಕೆಟ್‌ಗೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಎಣ್ಣೆ ನಿಂತಿದೆ, ಕ್ಯಾಚ್ ಕ್ಯಾನ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್.
– ಓದುಗರು, ಡೊಂಬಿವಲಿ

ಉತ್ತರ: ಸರಿಹೋಗುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ. ನಿಮ್ಮದು ಪೋರ್ಟ್ ಇಂಜೆಕ್ಷನ್, ವಾಲ್ವಿನ ಕಾರ್ಬನ್ ಭಯ ಹೆಚ್ಚಿಲ್ಲ. ಏರ್ ಫಿಲ್ಟರಿನಿಂದ ಟ್ಯಾಪೆಟ್ ಕವರಿಗೆ ಹೋಗುವ ಪೈಪಿನಲ್ಲಿ ಸಾಮಾನ್ಯವಾಗಿ ಶುದ್ಧ ಗಾಳಿ ಒಳಕ್ಕೆ ಹೋಗಬೇಕು. ಅಲ್ಲಿಂದ ಎಣ್ಣೆ ಹಿಂದಕ್ಕೆ ಬರುತ್ತಿದೆ ಎಂದರೆ ಪಿಸಿವಿ ವಾಲ್ವ್ ಕಟ್ಟಿದೆ, ಇಲ್ಲವೇ ಅದರ ಕೈಗೆ ಮೀರಿದಷ್ಟು ಬ್ಯಾಕ್ ಕಂಪ್ರೆಷನ್ ಇದೆ. ಮೊದಲನೆಯದಾದರೆ ಸಣ್ಣ ಖರ್ಚು. ವಾಲ್ವ್ ಬಿಚ್ಚಿ ಅಲ್ಲಾಡಿಸಿದಾಗ ಒಳಗೆ ಕಟಕಟ ಸದ್ದು ಬರದಿದ್ದರೆ ಬದಲಾಯಿಸಿ.

ಆಮೇಲೆ ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ಒಂದು ದಪ್ಪ ಕಾಗದ ಇಡಿ. ಮೆಲ್ಲಗೆ ಅಂಟಿಕೊಂಡರೆ ವಾಸಿ. ಹೊಗೆಯ ಜೊತೆ ಹಾರಿದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಅಂದಹಾಗೆ ಸ್ಟೇಷನ್ ಓಡಾಟದಲ್ಲಿ ನಿಮ್ಮ ಇಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ, ಮುಂಬೈ ಕಡೆಯ ಹವೆಯ ತೇವ ಬೇರೆ. ಮುಚ್ಚಳದ ಒಳಗೆ ಬೆಣ್ಣೆಯಂಥ ಗಸಿ ಕಂಡರೆ ಎಣ್ಣೆಯನ್ನು ಕಿ.ಮೀ. ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಬದಲಾಯಿಸಿ.

ಪ್ರಶ್ನೆ: ಡೀಸೆಲ್ ಟ್ಯಾಕ್ಸಿ ಓಡಿಸುತ್ತೇನೆ, ದಾಬೋಳಿ ಏರ್‌ಪೋರ್ಟಿನಿಂದ ಉತ್ತರ ಗೋವಾ ಕಡೆ. ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆ ಇದೆ. ಕ್ಯಾಚ್ ಕ್ಯಾನ್ ಹಾಕಿಸಲೇ, ಟರ್ಬೊ ಬಿಚ್ಚಿಸಲೇ?
– ಓದುಗರು, ವಾಸ್ಕೊ

ಉತ್ತರ: ಪೈಪಿನ ಒಳಗೆ ತೆಳುವಾಗಿ ಎಣ್ಣೆ ಸವರಿದಂತಿದ್ದರೆ ಎರಡೂ ಬೇಡ, ಅದು ಸಹಜ. ಬಗ್ಗಿಸಿದಾಗ ಸುರಿಯುವಷ್ಟಿದ್ದರೆ ಟರ್ಬೊದ ಒಳಬರುವ ಬಾಯಿ ನೋಡಿ. ಅಲ್ಲಿಯೇ ಎಣ್ಣೆ ಇದ್ದರೆ ಬ್ರೀದರ್ ಪೈಪಿನಿಂದ (ಕ್ರ್ಯಾಂಕ್‌ಕೇಸ್ ಗಾಳಿ ತರುವ ಪೈಪು) ಬರುತ್ತಿದೆ. ಅಲ್ಲಿ ಒಣಗಿದ್ದು ಹೊರಹೋಗುವ ಕಡೆ ಮಾತ್ರ ಒದ್ದೆಯಿದ್ದರೆ ಟರ್ಬೊ ಸೀಲ್ ಹೋಗಿದೆ, ಕ್ಯಾನ್‌ನಿಂದ ಪ್ರಯೋಜನವಿಲ್ಲ. ಬ್ರೀದರಿನದ್ದಾದರೆ ಕಂಪ್ರೆಷನ್ ನೋಡಿಸಿಕೊಂಡು ಕ್ಯಾನ್ ಹಾಕಿಸಬಹುದು. ಡೀಸೆಲ್‌ನಲ್ಲಿ ಇಜಿಆರ್‌ನ (ಹೊಗೆಯಲ್ಲಿ ಒಂದು ಪಾಲನ್ನು ಇಂಟೇಕ್‌ಗೆ ಮರಳಿಸುವ ವ್ಯವಸ್ಥೆ) ಮಸಿ ಈ ಎಣ್ಣೆಗೆ ಅಂಟಿಯೇ ಮ್ಯಾನಿಫೋಲ್ಡ್ ಕಟ್ಟುವುದರಿಂದ ಅದು ತಕ್ಕಮಟ್ಟಿಗೆ ನೆರವಾಗುತ್ತದೆ. ನಿಮ್ಮ ಓಡಾಟಕ್ಕೆ ದೊಡ್ಡ ಕ್ಯಾನ್ ಬೇಕು, ವಾರಕ್ಕೊಮ್ಮೆ ಖಾಲಿ ಮಾಡಬೇಕು. ತೆಗೆದದ್ದನ್ನು ಉಳಿತಾಯವೆಂದು ಇಂಜಿನ್ನಿಗೆ ವಾಪಸ್ ಸುರಿಯಬೇಡಿ, ಗಟಾರಕ್ಕೂ ಬಿಡಬೇಡಿ. ಬಾಟಲಿಯಲ್ಲಿ ಕೂಡಿಸಿಟ್ಟು, ಆಯಿಲ್ ಬದಲಾಯಿಸಲು ಹೋದಾಗ ಗ್ಯಾರೇಜಿನ ಹಳೆ ಎಣ್ಣೆಯ ಡ್ರಮ್ಮಿಗೆ ಹಾಕಿ ಬನ್ನಿ.