ಪ್ಲಾಸ್ಟಿಕ್ಕಿನ ರಾಸಾಯನಿಕ ಹಾರ್ಮೋನಿನ ಜಾಗದಲ್ಲಿ ಹೇಗೆ ಕೂರುತ್ತದೆ?

ಹಾರ್ಮೋನ್ ಬೀಗದ ಕೈ, ರಿಸೆಪ್ಟರ್ ಬೀಗ ಅಂತ ಪಾಠದಲ್ಲಿ ಓದಿದ್ದೇವೆ, ಹಾಗಾದರೆ ಪ್ಲಾಸ್ಟಿಕ್, ಕೀಟನಾಶಕಗಳು ಆ ಬೀಗಕ್ಕೆ ಹೇಗೆ ಹೊಂದುತ್ತವೆ ಅಂತ ಕೇಳಿದ್ದೀರಿ. ಅಷ್ಟು ಸಣ್ಣ ಪ್ರಮಾಣದಿಂದ ನಿಜಕ್ಕೂ ಏನಾದರೂ ಆಗುತ್ತದಾ ಅಂತಲೂ ಕೇಳಿದ್ದೀರಿ. ನಾನು ಕೆಲವು ವರ್ಷ ಲ್ಯಾಬ್‌ನಲ್ಲಿ ಸ್ತನ ಕ್ಯಾನ್ಸರ್ ಕೋಶಗಳನ್ನು ಬೆಳೆಸುವ ಕೆಲಸ ಮಾಡಿದ್ದೇನೆ. ಹಾಗಾಗಿ ಈ ಪ್ರಶ್ನೆಗಳು ನನಗೆ ತುಂಬಾ ಹತ್ತಿರದವು.

ಬೀಗದ ಹೋಲಿಕೆಯೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ನಿನ ರಿಸೆಪ್ಟರಿನಲ್ಲಿ ಹಾರ್ಮೋನ್ ಕೂರುವ ಜಾಗವನ್ನು ಚೀಲ ಅಂದರೆ ಹೆಚ್ಚು ಸರಿ. ನಮ್ಮ ದೇಹದ ಮುಖ್ಯ ಈಸ್ಟ್ರೋಜನ್ ಆದ ಈಸ್ಟ್ರಡಯಾಲ್‌ಗೆ ಬೇಕಾದದ್ದಕ್ಕಿಂತ ಸುಮಾರು ಎರಡು ಪಟ್ಟು ಜಾಗ ಅಲ್ಲಿದೆ. ಬಂದದ್ದು ಯಾರು ಅಂತ ಅದು ವಿಚಾರಿಸುವುದಿಲ್ಲ. ಒಂದು ತುದಿಯಲ್ಲಿ ಫೀನಾಲ್ ಉಂಗುರ (ಆರು ಕಾರ್ಬನ್‌ಗಳ ಉಂಗುರಕ್ಕೆ ಅಂಟಿದ ಒಂದು ಓಎಚ್ ಗುಂಪು) ಇದ್ದು, ಉಳಿದ ಮೈ ಎಣ್ಣೆಗೆ ಒಗ್ಗುವಂತಿದ್ದರೆ ಎಷ್ಟೋ ಸಲ ಅಷ್ಟೇ ಸಾಕು. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ತಯಾರಿಸಲು ಬಳಸುವ ಬಿಸ್ಫೆನಾಲ್ ಎ, ಅಂದರೆ ಬಿಪಿಎಯಲ್ಲಿ ಅಂಥ ಉಂಗುರ ಎರಡಿವೆ. ಅದು ಒಳಗೆ ಕೂತಾಗ ರಿಸೆಪ್ಟರಿನ ಆಕಾರ ಬದಲಾಗುತ್ತದೆ. ಎರಡು ರಿಸೆಪ್ಟರ್‌ಗಳು ಜೋಡಿಯಾಗಿ ಡಿಎನ್‌ಎಗೆ ಅಂಟಿಕೊಂಡು ಜೀನ್‌ಗಳನ್ನು ಚಾಲೂ ಮಾಡುತ್ತವೆ. ಕೋಶ ಇದನ್ನು ಹಾರ್ಮೋನಿನ ಮಾತೇ ಅಂತ ನಂಬಿ ಕೆಲಸ ಶುರು ಮಾಡುತ್ತದೆ.

1993ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಇದೇ ಆಯಿತು. ಯೀಸ್ಟ್ ಬೆಳೆಸಿದ ದ್ರವದಲ್ಲಿ ಅವರಿಗೆ ಈಸ್ಟ್ರೋಜನ್ ಥರದ ವಸ್ತು ಸಿಕ್ಕಿತು. ಯೀಸ್ಟೇ ಅದನ್ನು ತಯಾರಿಸುತ್ತಿದೆ ಅಂದುಕೊಂಡರು. ಆಮೇಲೆ ನೋಡಿದರೆ ಅದು ಬಿಪಿಎ. ಪಾಲಿಕಾರ್ಬೊನೇಟ್ ಫ್ಲಾಸ್ಕ್‌ಗಳನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆಯಲ್ಲಿ, ಬಿಸಿ ಮಾಡಿದಾಗ ಪ್ಲಾಸ್ಟಿಕ್ಕಿನಿಂದ ಬಿಟ್ಟುಕೊಂಡು ನೀರಿಗೆ ಸೇರಿತ್ತು.

ನನಗೂ ಲ್ಯಾಬ್‌ನಲ್ಲಿ ಮೊದಲ ವಾರವೇ ಇಂಥದ್ದೊಂದು ಪಾಠ ಸಿಕ್ಕಿತು. ಕೋಶ ಬೆಳೆಸುವ ದ್ರವಕ್ಕೆ ಫೀನಾಲ್ ರೆಡ್ ಎಂಬ ಬಣ್ಣ ಹಾಕಿರುತ್ತಾರೆ. ಈಸ್ಟ್ರೋಜನ್ ಪ್ರಯೋಗಕ್ಕೆ ಮಾತ್ರ ಆ ಬಣ್ಣ ಇಲ್ಲದ ದ್ರವವನ್ನೇ ಬಳಸಬೇಕು. ಯಾಕೆಂದರೆ ಬಣ್ಣದ ಜೊತೆ ಬರುವ ಕಲ್ಮಶವೇ ಈಸ್ಟ್ರೋಜನ್ ಥರ ವರ್ತಿಸುತ್ತದೆ ಎಂದು 1980ರ ದಶಕದಲ್ಲೇ ಗೊತ್ತಾಗಿತ್ತು. ಈಸ್ಟ್ರೋಜನ್ ಹಾಕದೆ ಸುಮ್ನೆ ಇಟ್ಟ ಕೋಶಗಳೂ ಆ ಕಲ್ಮಶದಿಂದಲೇ ಬೆಳೆಯುತ್ತವೆ ಅಂದರೆ ನಂಬಲು ಕಷ್ಟ, ಅಲ್ವಾ? ರಿಸೆಪ್ಟರ್ ಎಷ್ಟು ಸಲೀಸಾಗಿ ಮೋಸಹೋಗುತ್ತದೆ ಅಂತ ನನಗೆ ಮನವರಿಕೆ ಆಗಿದ್ದು ಅಲ್ಲೇ.

ಮೋಸ ಒಂದೇ ಥರದ್ದಲ್ಲ. ಕೀಟನಾಶಕಗಳನ್ನೇ ನೋಡಿ: ದೇಹದೊಳಗೆ ಡಿಡಿಟಿ ಎಂಬ ಕೀಟನಾಶಕ ಡಿಡಿಇ ಎಂಬ ವಸ್ತುವಾಗಿ ಬದಲಾಗುತ್ತದೆ. ಅದು ಗಂಡು ಹಾರ್ಮೋನಿನ ರಿಸೆಪ್ಟರಿನಲ್ಲಿ ಕೂರುತ್ತದೆ. ಕೂತು ತಾನೂ ಕೆಲಸ ಮಾಡುವುದಿಲ್ಲ, ಟೆಸ್ಟೋಸ್ಟೆರಾನ್‌ಗೂ ಜಾಗ ಬಿಡುವುದಿಲ್ಲ. ಕಸ ಸುಟ್ಟಾಗ ಹುಟ್ಟುವಂಥ ವಿಷವಸ್ತು ಡೈಆಕ್ಸಿನ್ ಬೇರೆಯೇ ರಿಸೆಪ್ಟರನ್ನು ಹಿಡಿದು, ಅದರ ಮೂಲಕ ಈಸ್ಟ್ರೋಜನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಪ್ಲಾಸ್ಟಿಕ್ ಮೆದುವಾಗಿಸುವ ಕೆಲವು ಥಾಲೇಟ್ ಎಂಬ ರಾಸಾಯನಿಕಗಳದು ಮುಖ್ಯವಾಗಿ ರಿಸೆಪ್ಟರ್ ಹಿಡಿಯುವ ದಾರಿಯೇ ಅಲ್ಲ. ಇಲಿಗಳಲ್ಲಿ ಅವು ಭ್ರೂಣದ ವೃಷಣದಲ್ಲಿ ಟೆಸ್ಟೋಸ್ಟೆರಾನ್ ತಯಾರಿಯನ್ನೇ ತಗ್ಗಿಸುತ್ತವೆ.

ಈಗ ಪ್ರಮಾಣದ ಮಾತು. ಈಸ್ಟ್ರಡಯಾಲ್‌ಗೆ ಹೋಲಿಸಿದರೆ ಬಿಪಿಎ ಈ ರಿಸೆಪ್ಟರನ್ನು ಹಿಡಿಯುವ ಬಿಗಿ ಸಾವಿರ ಪಟ್ಟಿಗಿಂತಲೂ ಕಡಿಮೆ. ಅದಕ್ಕೇ ಭಯ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಹಾರ್ಮೋನೇ ರಕ್ತದಲ್ಲಿ ಪಿಕೋಗ್ರಾಂ ಲೆಕ್ಕದಲ್ಲಿರುತ್ತದೆ. ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು ಅಂದರೆ ಒಂದು ಪಿಕೋಗ್ರಾಂ. ಇಷ್ಟು ಸೂಕ್ಷ್ಮವಾದ ವ್ಯವಸ್ಥೆಗೆ ದುರ್ಬಲ ಅನುಕರಣೆಯೂ ಲೆಕ್ಕಕ್ಕೆ ಬರುತ್ತದೆ. ಅದೂ ಅಲ್ಲದೆ ಇವು ಒಂಟಿಯಾಗಿ ಬರುವುದಿಲ್ಲ. 2002ರಲ್ಲಿ ಯೀಸ್ಟ್ ಪರೀಕ್ಷೆಯೊಂದರಲ್ಲಿ ಎಂಟು ದುರ್ಬಲ ರಾಸಾಯನಿಕಗಳನ್ನು, ಒಂದೊಂದಾಗಿ ಪರಿಣಾಮವೇ ತೋರದ ಪ್ರಮಾಣದಲ್ಲಿ, ಬೆರೆಸಿದರು. ಒಟ್ಟಾದಾಗ ಪರಿಣಾಮ ಕಂಡಿತು.

ನನ್ನ ಪ್ರಕಾರ ಎಷ್ಟು ಪ್ರಮಾಣ ಅನ್ನುವುದಕ್ಕಿಂತ ಬದುಕಿನ ಯಾವ ಹೊತ್ತಿನಲ್ಲಿ ಅನ್ನುವುದು ಮುಖ್ಯ. ಬಿಪಿಎ ಈಸ್ಟ್ರೋಜನ್ ಥರ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ 1936ರಲ್ಲೇ ತೋರಿಸಿದ್ದರು. 1938ರಲ್ಲಿ ಅವರ ಗುಂಪು ಅದಕ್ಕಿಂತ ಎಷ್ಟೋ ಪ್ರಬಲವಾದ ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್ ತಯಾರಿಸಿತು. ಗರ್ಭಪಾತ ತಡೆಯುತ್ತದೆ ಎಂದು ಅದನ್ನು ಗರ್ಭಿಣಿಯರಿಗೆ ಕೊಟ್ಟರು. 1953ರ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನವಿಲ್ಲ ಎಂದು ಕಂಡರೂ ನಿಲ್ಲಿಸಲಿಲ್ಲ. 1971ರಲ್ಲಿ ಅಪರೂಪದ ಯೋನಿ ಕ್ಯಾನ್ಸರೊಂದಕ್ಕೂ ಇದಕ್ಕೂ ನಂಟು ಕಂಡಿತು. ಆ ಕ್ಯಾನ್ಸರ್ ಬಂದದ್ದು ಮಾತ್ರೆ ನುಂಗಿದ ತಾಯಂದಿರಿಗಲ್ಲ. ಅವರು ಮಾತ್ರೆ ನುಂಗುವಾಗ ಗರ್ಭದಲ್ಲಿದ್ದು, ಅಷ್ಟು ಹೊತ್ತಿಗೆ ಹರೆಯಕ್ಕೆ ಬಂದಿದ್ದ ಹೆಣ್ಣುಮಕ್ಕಳಿಗೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದೊಡ್ಡವರಲ್ಲಿ ಹಾರ್ಮೋನಿನ ಸೂಚನೆ ಬಂದು ಹೋಗುತ್ತದೆ. ಭ್ರೂಣದಲ್ಲಿ ಅದೇ ಸೂಚನೆ ಅಂಗಗಳನ್ನು ಕಟ್ಟುತ್ತದೆ. ಆಗ ತಪ್ಪು ಸೂಚನೆ ಹೋದರೆ, ರಾಸಾಯನಿಕ ಮಾಯವಾದ ಮೇಲೂ ಕಟ್ಟಿದ್ದು ಹಾಗೇ ಉಳಿಯುತ್ತದೆ.

ಒಂದು ಸಮಾಧಾನವೂ ಇದೆ. ಡಿಡಿಇ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ನಿಜ. ಆದರೆ ತಿಂದ ಬಿಪಿಎ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಒಳಗೆ ಹೋಗುವುದನ್ನು ಕಡಿಮೆ ಮಾಡಿದರೆ ದೇಹದಲ್ಲೂ ಬೇಗ ಕಡಿಮೆಯಾಗುತ್ತದೆ. ಬಿಪಿಎ ಇಲ್ಲ ಎಂಬ ಚೀಟಿಯನ್ನೇ ಜಾಸ್ತಿ ನಂಬಬೇಡಿ. ಬದಲಿಗೆ ಬಳಸುವ ಬಿಪಿಎಸ್‌ನಲ್ಲೂ ಅದೇ ಎರಡು ಫೀನಾಲ್ ಉಂಗುರಗಳಿವೆ, ಅದೂ ಅದೇ ಚೀಲದಲ್ಲಿ ಕೂರುತ್ತದೆ. ಬಿಸಿ ಊಟಕ್ಕೆ, ಬಿಸಿ ಪಾನೀಯಕ್ಕೆ ಗಾಜು ಅಥವಾ ಸ್ಟೀಲ್ ಬಳಸಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಅವರ ತಟ್ಟೆ, ಲೋಟದಿಂದಲೇ ಶುರು ಮಾಡಿ.