ಸರ್ಟಿಫಿಕೇಟ್ ನಿಮ್ಮ ಜೊತೆಗೆ ಬರುತ್ತದೆ, ರಿಜಿಸ್ಟ್ರೇಷನ್ ಬರುವುದಿಲ್ಲ

ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸುವ ನಮ್ಮ ಫಾರ್ಮಸಿ ಟೆಕ್ನಿಷಿಯನ್‌ಗಳಿಂದ, ಅಂದರೆ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟರ ಕೈಕೆಳಗೆ ಕೆಲಸ ಮಾಡುವವರಿಂದ, ವರ್ಷವಿಡೀ ಇದೇ ಪ್ರಶ್ನೆ ಬರುತ್ತದೆ. ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಜನ ಅದೇ ತಪ್ಪು ಮಾಡಿ ತಿಂಗಳುಗಟ್ಟಲೆ ಮನೆಯಲ್ಲಿ ಕೂರುತ್ತಾರೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ಪ್ರಶ್ನೆ: ನ್ಯೂಜೆರ್ಸಿಯ ಔಷಧಿ ಅಂಗಡಿಯಲ್ಲಿ ಮೂರು ವರ್ಷದಿಂದ ಫಾರ್ಮಸಿ ಟೆಕ್ನಿಷಿಯನ್ ಆಗಿದ್ದೇನೆ. ರಾಜ್ಯದ ರಿಜಿಸ್ಟ್ರೇಷನ್ ಇದೆ. ನಮ್ಮ ಯಜಮಾನರಿಗೆ ಡಲ್ಲಾಸ್‌ಗೆ ವರ್ಗವಾಗಿದೆ. ನನ್ನ ಲೈಸೆನ್ಸನ್ನು ಟೆಕ್ಸಾಸ್‌ಗೆ ಟ್ರಾನ್ಸ್‌ಫರ್ ಮಾಡಿಸುವುದು ಹೇಗೆ?

ಆಗುವುದಿಲ್ಲ. ಟ್ರಾನ್ಸ್‌ಫರ್ ಎಂಬ ಪದವನ್ನೇ ಬಿಟ್ಟುಬಿಡಿ. ರಾಜ್ಯಗಳ ಫಾರ್ಮಸಿ ಬೋರ್ಡುಗಳ ರಾಷ್ಟ್ರೀಯ ಸಂಘವಾದ ಎನ್‌ಎಬಿಪಿ ನಡೆಸುವ ಲೈಸೆನ್ಸ್ ವರ್ಗಾವಣೆ ಫಾರ್ಮಸಿಸ್ಟರಿಗೆ ಮಾತ್ರ. ಅದರ ಬಗ್ಗೆ ಎಲ್ಲೋ ಓದಿ ತಮಗೂ ಅನ್ವಯಿಸುತ್ತದೆ ಅಂದುಕೊಂಡವರು ಬಹಳ ಜನ.

ನಿಮ್ಮ ಕೈಲಿರುವುದು ನ್ಯೂಜೆರ್ಸಿ ಕೊಟ್ಟ ರಿಜಿಸ್ಟ್ರೇಷನ್. ಅದು ಆ ರಾಜ್ಯದ ಗಡಿಯಲ್ಲೇ ಮುಗಿಯಿತು. ಗಡಿ ದಾಟುವುದು ಸರ್ಟಿಫಿಕೇಟ್. ಅದನ್ನು ಕೊಡುವುದು ರಾಜ್ಯವಲ್ಲ, 1995ರಲ್ಲಿ ಶುರುವಾದ ಪಿಟಿಸಿಬಿ ಎಂಬ ರಾಷ್ಟ್ರೀಯ ಸಂಸ್ಥೆ. ಅದರ ಪರೀಕ್ಷೆ ಪಾಸಾದರೆ ಹೆಸರಿನ ಮುಂದೆ ಸಿಪಿಎಚ್‌ಟಿ (ಸರ್ಟಿಫೈಡ್ ಫಾರ್ಮಸಿ ಟೆಕ್ನಿಷಿಯನ್) ಎಂದು ಬರೆದುಕೊಳ್ಳಬಹುದು. ನ್ಯೂಜೆರ್ಸಿಯಲ್ಲಿ ಅದು ಕಡ್ಡಾಯವಲ್ಲ, ಹಾಗಾಗಿ ಮೂರು ವರ್ಷ ನಿಮಗೆ ಅದರ ನೆನಪೇ ಬಂದಿಲ್ಲ. ಟೆಕ್ಸಾಸ್‌ನಲ್ಲಿ ಇಂಥ ಸರ್ಟಿಫಿಕೇಟ್ ಇಲ್ಲದೆ ಪೂರ್ತಿ ಟೆಕ್ನಿಷಿಯನ್ ಆಗಿ ನೋಂದಣಿ ಆಗುವುದಿಲ್ಲ. ಅಲ್ಲಿ ಟ್ರೈನಿ ಎಂಬ ದಾರಿಯೂ ಇದೆ. ಆದರೆ ಅದು ಎರಡೇ ವರ್ಷ, ಒಂದೇ ಸಲ, ನವೀಕರಣ ಇಲ್ಲ. ಮೂರು ವರ್ಷದ ಅನುಭವ ಇಟ್ಟುಕೊಂಡು ಆ ದಾರಿ ಯಾಕೆ ಹಿಡಿಯಬೇಕು?

ನನ್ನ ಮಾತು ಕೇಳಿ, ಪರೀಕ್ಷೆಯನ್ನು ಹೊರಡುವ ಮೊದಲೇ ಮುಗಿಸಿ. ಪಿಟಿಸಿಬಿ ಮಾನ್ಯ ಮಾಡಿದ ಕೋರ್ಸ್ ಮಾಡಿರಬೇಕು, ಇಲ್ಲವೇ 500 ಗಂಟೆ ಕೆಲಸ ಮಾಡಿರಬೇಕು. ನಿಮಗೆ ಎರಡನೆಯದು ಧಾರಾಳವಾಗಿದೆ. ಆದರೆ ಆ ಗಂಟೆಗಳಿಗೆ ಸಾಕ್ಷಿ ಹೇಳುವವರು ನ್ಯೂಜೆರ್ಸಿಯಲ್ಲಿದ್ದಾರೆ, ಅಲ್ವಾ? ರಾಜೀನಾಮೆ ಕೊಡುವ ಮುಂಚೆಯೇ ನಿಮ್ಮ ಫಾರ್ಮಸಿಸ್ಟರಿಂದ ಸಹಿ ಹಾಕಿದ ಪತ್ರ ಪಡೆಯಿರಿ. ನಾನು ರಾಜ್ಯ ಬದಲಿಸಿದಾಗ ಇದೊಂದನ್ನು ಮಾಡಲಿಲ್ಲ. ಹಳೆಯ ಅಂಗಡಿ ಅಷ್ಟರಲ್ಲಿ ಕೈ ಬದಲಾಗಿತ್ತು. ಒಂದು ಕಾಗದಕ್ಕಾಗಿ ಎರಡೂವರೆ ತಿಂಗಳು ಫೋನ್ ಮಾಡಿದೆ.

ಪರೀಕ್ಷೆಯಲ್ಲಿ 90 ಪ್ರಶ್ನೆ, ಲೆಕ್ಕಕ್ಕೆ ಬರುವುದು 80. ಸಮಯ 1 ಗಂಟೆ 50 ನಿಮಿಷ. ಅಂಕ 1000ದಿಂದ 1600ರವರೆಗೆ, ಪಾಸಾಗಲು 1400 ಬೇಕು. ನಮ್ಮವರು ಎಡವುವುದು ಓದಿನಲ್ಲಿ ಅಲ್ಲ, ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು, ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಮನೆತನದ ಹೆಸರು, ಅರ್ಜಿಯಲ್ಲಿ ಬರೀ ಇನಿಷಿಯಲ್. ಗುರುತಿನ ಚೀಟಿಯಲ್ಲಿರುವ ಹೆಸರೇ ಅರ್ಜಿಯಲ್ಲೂ ಇರಬೇಕು. ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.

ಪಾಸಾದ ಮೇಲೆ ಟೆಕ್ಸಾಸ್ ಬೋರ್ಡಿಗೆ ಹೊಸ ಅರ್ಜಿ, ಬೆರಳಚ್ಚು ಎಲ್ಲ ಇದೆ. ನೋಂದಣಿ ಕೈಗೆ ಬರುವವರೆಗೆ ಒಂದು ದಿನವೂ ಟೆಕ್ನಿಷಿಯನ್ ಕೆಲಸ ಮಾಡಬೇಡಿ, ಮ್ಯಾನೇಜರ್ ಪರವಾಗಿಲ್ಲ ಅಂದರೂ ಬೇಡ. ಹಳೆಯ ಬೋರ್ಡ್ ಕೈಗೊಂಡ ಶಿಸ್ತು ಕ್ರಮ, ಕೋರ್ಟಿನ ಶಿಕ್ಷೆ ಏನಾದರೂ ಇದ್ದು ಅರ್ಜಿಯಲ್ಲಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟದ್ದು ಗೊತ್ತಾದರೆ ತಪ್ಪಿಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದೇ ಇಲ್ಲ. ಕಾನೂನಿನ ವಿಷಯದಲ್ಲಿ ಪಿಟಿಸಿಬಿ ಪರೀಕ್ಷೆ ಕೇಳುವುದು ಕೇಂದ್ರದ್ದನ್ನು ಮಾತ್ರ. ರಾಜ್ಯದ ಕಾನೂನು ಬೇರೆಯೇ ಇರುತ್ತದೆ. ಗ್ಯಾಬಪೆಂಟಿನ್ ಮಾತ್ರೆಯನ್ನೇ ನೋಡಿ. ಕೇಂದ್ರದ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿ ಅದಿಲ್ಲ. ಕೆಂಟಕಿಯಲ್ಲಿ, ವರ್ಜೀನಿಯಾದಲ್ಲಿ ಅದು ಐದನೇ ಶೆಡ್ಯೂಲಿನ ನಿಯಂತ್ರಿತ ಔಷಧಿ. ಹಳೆಯ ರಾಜ್ಯದ ಅಭ್ಯಾಸದಲ್ಲಿ ಸುಮ್ನೆ ರೀಫಿಲ್ ಹಾಕುತ್ತಾ ಹೋದರೆ ನಿಮ್ಮ ನೋಂದಣಿಗೇ ಕುತ್ತು. ಹೋದ ಮೊದಲ ವಾರವೇ ಹೊಸ ಬೋರ್ಡಿನ ನಿಯಮಗಳನ್ನು ಕೂತು ಓದಿ.

ಪ್ರಶ್ನೆ: ಪರೀಕ್ಷೆ ಇಲ್ಲದೆ ಒಂದೇ ವಾರದಲ್ಲಿ, 50 ರಾಜ್ಯಕ್ಕೂ ನಡೆಯುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಕೆಲವರು ಹೇಳುತ್ತಾರೆ. ತೆಗೆದುಕೊಳ್ಳಲೇ?

ಬೇಡ, ಅದು ಶುದ್ಧ ಮೋಸ. ಕೋರ್ಸ್ ಮುಗಿಸಿದ ಕಾಗದ ಬೇರೆ, ಸರ್ಟಿಫಿಕೇಷನ್ ಬೇರೆ. ಬೋರ್ಡುಗಳು ಒಪ್ಪುವುದು ಪಿಟಿಸಿಬಿ ಪರೀಕ್ಷೆಯನ್ನು, ಹಲವು ಕಡೆ ಎನ್‌ಎಚ್‌ಎ ಸಂಸ್ಥೆಯ ಎಕ್ಸ್‌ಸಿಪಿಟಿ ಪರೀಕ್ಷೆಯನ್ನು. ಮನೆಯಲ್ಲಿ ಚಿಕ್ಕ ಮಕ್ಕಳಿರುವ ಹೆಣ್ಣುಮಕ್ಕಳ ಕೈಯಿಂದ ನೂರಾರು ಡಾಲರ್ ಕಿತ್ತುಕೊಳ್ಳುವ ಈ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪ್ರಶ್ನೆ: ಅವಲಂಬಿತರ ಎಚ್4 ವೀಸಾ ಇದೆ, ಕೆಲಸದ ಪರವಾನಗಿಯಾದ ಇಎಡಿ ಇನ್ನೂ ಬಂದಿಲ್ಲ. ಸಂಬಳವಿಲ್ಲದೆ ಅಂಗಡಿಯಲ್ಲಿ ಕೆಲಸ ಕಲಿಯಬಹುದೇ?

ಮಾಡಬೇಡಿ. ವಲಸೆ ವಕೀಲರನ್ನು ಕೇಳದೆ ಕೌಂಟರಿನ ಆಚೆ ಕಾಲಿಡಬೇಡಿ. ಅಲ್ಲಿಯವರೆಗೆ ಮನೆಯಲ್ಲಿ ಓದಿ.

ಪ್ರಶ್ನೆ: ಬೆಂಗಳೂರಿನಲ್ಲಿ 2010ರಲ್ಲಿ ಬಿ.ಫಾರ್ಮ್ ಮುಗಿಸಿದೆ. ಟೆಕ್ನಿಷಿಯನ್ ಯಾಕೆ, ನೇರ ಫಾರ್ಮಸಿಸ್ಟ್ ಆಗಬಾರದೇ?

2003ರ ಜನವರಿ 1ರಿಂದ ಈಚೆಗೆ ಪಾಸಾದವರಿಗೆ ಕನಿಷ್ಠ ಐದು ವರ್ಷದ ಪದವಿ ಬೇಕು. ನಿಮ್ಮದು ನಾಲ್ಕು ವರ್ಷದ್ದು, ಆ ದಾರಿ ಇಲ್ಲ.

ಪ್ರಶ್ನೆ: ಡಿಗ್ರಿ ಇದ್ದರೂ ಹೈಸ್ಕೂಲ್ ದಾಖಲೆ ಕೇಳುತ್ತಾರಲ್ಲ?

ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯದಲ್ಲ, ಪಿಯುಸಿ ಮಾರ್ಕ್ಸ್ ಕಾರ್ಡ್. ಊರಿನ ಬೀರುವಿನಲ್ಲಿದ್ದರೆ ಇವತ್ತೇ ಫೋನ್ ಮಾಡಿ ತರಿಸಿಕೊಳ್ಳಿ.