ಜ್ವರದ ಜೊತೆ ಫಿಟ್ಸ್ ಬಂದಾಗ

ಪ್ರಶ್ನೆ: ನಮ್ಮ ಮಗನಿಗೆ ಒಂದೂವರೆ ವರ್ಷ, ತೂಕ 10 ಕೆ.ಜಿ. ಹೋದ ವಾರ ಜ್ವರ ಬಂದ ದಿನವೇ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಅದುರತೊಡಗಿದ. ಎರಡು ನಿಮಿಷದಲ್ಲಿ ನಿಂತಿತು. ಅತ್ತೆ ಕೈಗೆ ಕಬ್ಬಿಣದ ಬೀಗದಕೈ ಹಿಡಿಸಿದರು, ಪಕ್ಕದ ಮನೆಯವರು ಬಾಯಿಗೆ ಚಮಚ ಇಡಲು ಬಂದರು. ಡಾಕ್ಟರು ಪರೀಕ್ಷೆ ಮಾಡಿ ‘ಜ್ವರದ ಫಿಟ್ಸ್’ ಎಂದರು, ಸ್ಕ್ಯಾನ್ ಬರೆದುಕೊಡಲಿಲ್ಲ. ಮೆದುಳಿಗೆ ತೊಂದರೆಯಾಗಿದೆಯೇ? ಮತ್ತೆ ಬಂದರೆ ಏನು ಮಾಡಬೇಕು? ಮುಂದಿನ ವಾರ ಡಿಪಿಟಿ ಬೂಸ್ಟರ್ ಹಾಕಿಸಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಮೆದುಳಿಗೆ ಏನೂ ಆಗಿಲ್ಲ, ಧೈರ್ಯವಾಗಿರಿ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಹೀಗಾಗುತ್ತದೆ. ಮೈಯೆಲ್ಲ ಅದುರಿ, 15 ನಿಮಿಷದೊಳಗೆ ನಿಂತು, 24 ಗಂಟೆಯಲ್ಲಿ ಮರುಕಳಿಸದೆ, ಮಗು ಪೂರ್ತಿ ಎಚ್ಚರವಾದರೆ ಸ್ಕ್ಯಾನ್, ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಬೇಕಿಲ್ಲ. ನಿಮ್ಮ ಡಾಕ್ಟರು ಮಾಡಿದ್ದು ಸರಿ.

ಸುಮಾರು ಮೂರರಲ್ಲಿ ಒಂದು ಮಗುವಿಗೆ ಮುಂದೊಂದು ಜ್ವರದಲ್ಲಿ ಮತ್ತೆ ಬರುತ್ತದೆ. ಆದ್ದರಿಂದ ಮನೆಯವರೆಲ್ಲ ಇದನ್ನು ಕಲಿತಿರಲಿ. ಮೊದಲು ಗಡಿಯಾರ ನೋಡಿ. ಮಗುವನ್ನು ನೆಲದ ಮೇಲೆ ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಿಸಿ, ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ. ಕುತ್ತಿಗೆಯ ಗುಂಡಿ, ಸರ, ದಾರ ಸಡಿಲಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ: ನಾಲಿಗೆ ಗಂಟಲಿಗೆ ಇಳಿಯುವುದಿಲ್ಲ, ಆದರೆ ಚಮಚದಿಂದ ಮುರಿದ ಹಲ್ಲು, ಬಾಯಿಗೆ ಬಿಟ್ಟ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ಬೀಗದಕೈ, ಈರುಳ್ಳಿ, ಚಪ್ಪಲಿ ವಾಸನೆಯಿಂದ ಸೆಳವು ನಿಲ್ಲುವುದಿಲ್ಲ. ಹೆಚ್ಚಿನವು ಕೆಲವೇ ನಿಮಿಷದಲ್ಲಿ ತಾವಾಗಿ ನಿಲ್ಲುತ್ತವೆ. ಹಿರಿಯರ ಮೇಲೆ ಸಿಟ್ಟಾಗಬೇಡಿ, ಆದರೆ ಬರೆ ಹಾಕುವ ಮಾತು ಬಂದರೆ ಖಡಾಖಂಡಿತವಾಗಿ ಬೇಡವೆನ್ನಿ. ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಕಣ್ಣು ಯಾವ ಕಡೆ ಹೊರಳಿತು, ಒಂದೇ ಕೈ ಅದುರಿತೇ ಎಂಬುದು ಡಾಕ್ಟರಿಗೆ ಬೇಕಾಗುತ್ತದೆ. ಚಳಿಜ್ವರದ ನಡುಕದಲ್ಲಿ ಮಗು ಕರೆದರೆ ನೋಡುತ್ತದೆ, ಫಿಟ್ಸ್‌ನಲ್ಲಿ ನೋಡುವುದಿಲ್ಲ.

ಐದು ನಿಮಿಷ ದಾಟಿದರೆ ಕಾಯದೆ 108ಕ್ಕೆ ಕರೆ ಮಾಡಿ. ಮೂಗಿಗೆ ಹೊಡೆಯುವ ಮಿಡಾಜೊಲಾಮ್ ಸ್ಪ್ರೇಯನ್ನು ಡಾಕ್ಟರು ಬರೆದುಕೊಟ್ಟಿದ್ದರೆ ಆಗಲೇ ಬಳಸಿ. ಪ್ರಮಾಣ ಸಾಮಾನ್ಯವಾಗಿ ಕೆ.ಜಿ.ಗೆ 0.2 ಮಿ.ಗ್ರಾಂ. ಅಂದರೆ ನಿಮ್ಮ ಮಗನಿಗೆ 2 ಮಿ.ಗ್ರಾಂ. ಒಂದು ಒತ್ತಿಗೆ 0.5 ಮಿ.ಗ್ರಾಂ ಬರುವ ಬಾಟಲಿಯಾದರೆ ಪ್ರತಿ ಹೊಳ್ಳೆಗೆ ಎರಡೆರಡು ಸಲ. ಇನ್ನೂ ಗಟ್ಟಿ ಪ್ರಮಾಣದ ಬಾಟಲಿಗಳೂ ಇವೆ, ಹಾಗಾಗಿ ಎಷ್ಟು ಸಲ ಒತ್ತಬೇಕೆಂದು ಡಾಕ್ಟರಿಂದಲೇ ಬರೆಸಿಕೊಂಡು ಡಬ್ಬಿಗೆ ಅಂಟಿಸಿಡಿ.

ಒಂದೇ ಪಕ್ಕ ಅದುರಿದರೆ, ಅದೇ ದಿನ ಮತ್ತೆ ಬಂದರೆ, ನಿಂತ ಮೇಲೂ ಗಂಟೆಗಟ್ಟಲೆ ಮಂಕಾಗಿದ್ದರೆ, ಕುತ್ತಿಗೆ ಬಿಗಿದಿದ್ದರೆ, ನೆತ್ತಿ ಉಬ್ಬಿದ್ದರೆ, ಜ್ವರವಿಲ್ಲದೆಯೇ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆರು ತಿಂಗಳೊಳಗಿನ ಕೂಸಿಗೆ ಬಂದರೂ ಅಷ್ಟೇ. ಮಿದುಳುಜ್ವರ, ಸಕ್ಕರೆ ಅಥವಾ ಕ್ಯಾಲ್ಸಿಯಂ ಕೊರತೆ ಇದೆಯೇ ಎಂದು ನೋಡಬೇಕಾಗುತ್ತದೆ.

ಪ್ಯಾರಾಸಿಟಮಾಲ್ ಮಗುವಿನ ಸಂಕಟ ತಗ್ಗಿಸುತ್ತದೆ, ಆದರೆ ಸೆಳವನ್ನು ತಡೆಯುತ್ತದೆಂದು ನಂಬಿ ಪದೇಪದೇ ಕುಡಿಸಬೇಡಿ. 10 ಕೆ.ಜಿ.ಗೆ ಒಂದು ಸಲಕ್ಕೆ 150 ಮಿ.ಗ್ರಾಂ ಮೀರಬಾರದು, ಆರು ಗಂಟೆ ಅಂತರವಿರಲಿ. ತಪ್ಪಾಗುವುದು ಬಾಟಲಿಯಲ್ಲಿ: ಸಿರಪ್‌ಗಳಲ್ಲಿ 5 ಮಿ.ಲೀ.ಗೆ 120, 125 ಅಥವಾ 250 ಮಿ.ಗ್ರಾಂ ಇದ್ದರೆ, ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ ಇರುತ್ತದೆ. ಶೀತವೆಂದು ಎದೆಗೆ ಕರ್ಪೂರದೆಣ್ಣೆ, ನೀಲಗಿರಿ ಎಣ್ಣೆ ತಿಕ್ಕುವುದನ್ನೂ ಬಿಡಿ. ಅವೇ ಸೆಳವು ತರಬಲ್ಲವು.

ಡಿಪಿಟಿ ಹಾಕಿಸಿ. ಜ್ವರದ ಫಿಟ್ಸ್ ಬಂದಿದೆಯೆಂದು ಲಸಿಕೆ ನಿಲ್ಲಿಸಬೇಕಿಲ್ಲ, ಆದರೆ ಹಾಕುವ ಮುನ್ನ ಸಿಸ್ಟರ್‌ಗೆ ವಿಷಯ ತಿಳಿಸಿ. ಅಂದು ಮತ್ತು ಮರುದಿನ ಜ್ವರ ಬರಬಹುದು. ದಡಾರ-ರುಬೆಲ್ಲಾ ಲಸಿಕೆಯಲ್ಲಾದರೆ ಜ್ವರ ಒಂದು ವಾರದ ಆಸುಪಾಸಿನಲ್ಲಿ ಕಾಣಿಸುತ್ತದೆ, ಆ ದಿನಗಳಲ್ಲಿ ರಾತ್ರಿ ಮಗು ನಿಮ್ಮ ಪಕ್ಕದಲ್ಲೇ ಮಲಗಲಿ.